ತೊಗರಿ ಚೆಲ್ಲಿ ಆರಿಸಿದ ಮಷಿನ್

ನಾನು ನಿಂತಿದ್ದು ಗಾಣಗಾಪುರದಲ್ಲಿ, ಗುಡಿಗೆ ಹೋಗುವ ಓಣಿಯ ಒಂದು ಲಾಡ್ಜಿನ ಮೊದಲ ಮಹಡಿಯಲ್ಲಿ, ಪಡಸಾಲೆಯ ಕೊನೆಗಿರುವ ಮೂಲೆ ಕೋಣೆಯ ಹೊಸ್ತಿಲ ಹೊರಗೆ. ಎಳ್ಳಮಾವಾಸ್ಯೆ ಕಳೆದು ಬಂದ ಮೊದಲ ಗುರುವಾರ. ಹಿಂದಿನ ದಿನ ಎಕ್ಝಾಸ್ಟ್ ಫ್ಯಾನ್ ಕೂಡಿಸಲೆಂದು ಪೂರ್ವದ ಗೋಡೆಯಲ್ಲಿ ಒಂದು ದುಂಡು ತೂತು ಕೊರೆದಿದ್ದೆವು. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರಿಂದ ಕೋಣೆ ಕತ್ತಲಾಗಿತ್ತು. ಬೆಳಗಿನ ಬಿಸಿಲು ಆ ತೂತಿನಿಂದ ಒಂದು ಕೋಲಿನ ಹಾಗೆ ಒಳಗೆ ಬಂದು ಎದುರು ಗೋಡೆಗೆ ತಾಗುತ್ತಿತ್ತು. ಕೋಣೆಯ ನಡುವೆ ಧೂಳು ಎಳೆಯುವ ಮಷಿನ್ ನಡೆಯುತ್ತಿತ್ತು. ಅದರ ಪೈಪು ನಮ್ಮಲ್ಲಿ ಕಸ ಹೊಡೆಯುವ ನಿಂಬರ್ಗಾದ ಅಕ್ಕನ ಕೈಯಲ್ಲಿತ್ತು. ಆಕೆಯ ಮುಖಕ್ಕೆ ಬಟ್ಟೆ ಇರಲಿಲ್ಲ.

ಮಷಿನ್ನಿನ ಹಿಂಭಾಗದ ಜಾಲರಿಯಿಂದ ಬೂದು ಬಣ್ಣದ ಹೊಗೆಯಂಥದ್ದು ಒಂದೇ ಸಮನೆ ಹೊರಬರುತ್ತಿತ್ತು. ಬಿಸಿಲುಕೋಲಿನ ಒಳಗೆ ಬಂದಾಗ ಕಾಣುತ್ತಿತ್ತು, ಅದನ್ನು ದಾಟಿದರೆ ಕಾಣುತ್ತಿರಲಿಲ್ಲ. ಅದು ಆಕೆಯ ಎದೆಯ ಮಟ್ಟಕ್ಕೆ ಏರಿ, ಕುತ್ತಿಗೆ ಸುತ್ತಿ, ಮುಖದ ಮೇಲೆ ಹಾಯುತ್ತಿತ್ತು. ಆಕೆ ಉಸಿರು ಎಳೆದುಕೊಂಡಾಗ ಮೂಗಿನ ಹತ್ತಿರ ಆ ಹೊಗೆ ಸ್ವಲ್ಪ ಬಾಗುವುದನ್ನು ನಾನು ಕಂಡೆ. ಇದನ್ನು ಕಂಡದ್ದಕ್ಕಿಂತ ಹೆಚ್ಚು ಮಾಡಿ ಹೇಳುತ್ತಿಲ್ಲ. ಬಾಗಿತು, ನೋಡಿದೆ.

ಆ ಮಷಿನ್ ಅಲ್ಲಿಗೆ ಹೇಗೆ ಬಂತು ಎಂಬುದನ್ನು ಮೊದಲಿನಿಂದ ಬರೆಯುತ್ತೇನೆ.

ಲಾಡ್ಜ್ ಆಳಂದದ ಒಬ್ಬ ಸಾವಕಾರರದು. ಅವರದು ಮೂಲತಃ ದಾಲ್‌ಮಿಲ್. ಹಳೆಯ ಲಾಡ್ಜ್ ಕೊಂಡು ಅದನ್ನು ರಿಪೇರಿ ಮಾಡಿಸುತ್ತಿದ್ದರು. ಕಲಬುರಗಿಯ ಒಬ್ಬ ಗುತ್ತಿಗೆದಾರ ಕೆಲಸ ಹಿಡಿದಿದ್ದ. ಅವನ ಪರವಾಗಿ ನಿತ್ಯ ಸ್ಥಳದಲ್ಲಿದ್ದು ಕೆಲಸ ನೋಡಿಕೊಳ್ಳುವವನು ನಾನು, ಊರು ಅಫಜಲಪುರ. ಗೋಡೆ ಸೀಳಿ ಹೊಸ ವೈರಿಂಗ್ ಮತ್ತು ನೀರಿನ ಪೈಪು ಕೂಡಿಸಬೇಕು, ಸವೆದ ಪರಸಿ ಕಲ್ಲು ಕಿತ್ತು ಗ್ರಾನೈಟ್ ಹಾಕಬೇಕು, ಗೋಡೆಗೆ ಪುಟ್ಟಿ ಬಳಿದು ತಿಕ್ಕಬೇಕು. ಮೂರೂ ಧೂಳಿನ ಕೆಲಸಗಳೇ. ಕಲ್ಲು ಕತ್ತರಿಸುವ ಮಿಸ್ತ್ರಿ ಜೇವರ್ಗಿಯವರು, ವಯಸ್ಸಾದ ಮುಸ್ಲಿಂ ಮನುಷ್ಯ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ವೈರಿಂಗ್ ಮಾಡುವವನು ಮಾದನಹಿಪ್ಪರಗಾದ ಎಲೆಕ್ಟ್ರಿಷಿಯನ್. ಮುರುಕು ಕಲ್ಲುಮಣ್ಣು ಹೊತ್ತು ಹಾಕಿ ಕಸ ಹೊಡೆಯುವ ಕೆಲಸ ನಿಂಬರ್ಗಾದ ಅಕ್ಕನದು. ಆಕೆ ಮೊದಲು ಕಲ್ಲುಪುಡಿ ಮಾಡುವ ಕ್ರಷರಿನಲ್ಲಿ ವರ್ಷಗಟ್ಟಲೆ ದುಡಿದವಳು. ಅಲ್ಲಿಂದಲೇ ಆಕೆಗೆ ಸಣ್ಣ ಕೆಮ್ಮು ಇತ್ತು. ಇದನ್ನು ಈಗಲೇ ಹೇಳಿಬಿಡುವುದು ನ್ಯಾಯ, ಯಾಕೆಂದರೆ ಆಮೇಲೆ ಎಲ್ಲರೂ ಇದನ್ನೇ ಹೇಳಿದರು.

ತೊಂದರೆ ಏನೆಂದರೆ, ರಿಪೇರಿ ನಡೆದದ್ದು ಅರ್ಧ ಲಾಡ್ಜಿನಲ್ಲಿ. ಉಳಿದರ್ಧದಲ್ಲಿ ಯಾತ್ರಿಕರು ಇದ್ದರು. ಗುರುವಾರ ಮತ್ತು ಹುಣ್ಣಿಮೆಗೆ ಕೋಣೆಗಳು ತುಂಬಿಬಿಡುತ್ತವೆ. ಸಂಗಮದಲ್ಲಿ ಮಿಂದು ಬಂದವರು ಮಡಿಬಟ್ಟೆಗಳನ್ನು ನಮ್ಮ ಮೂಲೆ ಕೋಣೆಗೆ ಹೊಂದಿಕೊಂಡ ಮಾಳಿಗೆಯ ಮೇಲೆ ಒಣಹಾಕುತ್ತಿದ್ದರು.

ಮೊದಲು ನಾವು ಎಲ್ಲರೂ ಮಾಡುವಂತೆ ನೀರು ಚಿಮುಕಿಸಿ ಕಸ ಹೊಡೆಸುತ್ತಿದ್ದೆವು. ಧೂಳು ಏಳುತ್ತಿರಲಿಲ್ಲ. ಆದರೆ ಹಳೆಯ ಛತ್ತು. ನೀರು ಬಿರುಕಿನಲ್ಲಿ ಇಳಿದು ಕೆಳಗಿನ ಕೋಣೆಯಲ್ಲಿ ಮಲಗಿದ್ದ ಯಾತ್ರಿಕರ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಸಿಮೆಂಟ್ ಧೂಳು ನೀರಿನ ಜೊತೆ ಬಚ್ಚಲ ಪೈಪಿನಲ್ಲಿ ಕೂತು ಕಲ್ಲಾಯಿತು. ಸಾವಕಾರರು ನೀರು ನಿಲ್ಲಿಸಿದರು. ಒಣ ಕಸಬರಿಗೆ ಶುರುವಾಯಿತು. ಎರಡು ದಿನ ಕಳೆಯುವುದರಲ್ಲಿ ಸೋಲಾಪುರದ ಕಡೆಯ ಒಬ್ಬ ಯಾತ್ರಿಕರು ಒಣಹಾಕಿದ ಧೋತರವನ್ನು ಎರಡೂ ಕೈಯಲ್ಲಿ ಹಿಡಿದು ಕೌಂಟರಿಗೆ ಬಂದರು.

"ಅಹೋ ಸಾವಕಾರ್, ಹೇ ಕಾಯ್? ಏನಿದು? ಮಡಿ ಅಂತೀರಿ, ಸಿಮೆಂಟ್ ಚೀಲಾ ಆಗ್ಯಾದ ನೋಡ್ರಿ ಇದು."

ಮಷಿನ್ ತರುವ ಮಾತು ಬಂದದ್ದು ಆ ಧೋತರದಿಂದ. ಅಕ್ಕನ ಕೆಮ್ಮಿನಿಂದ ಅಲ್ಲ.

ನಾನು ವಿಚಾರಿಸಿದೆ. ಮನೆಯಲ್ಲಿ ಬಳಸುವ ವ್ಯಾಕ್ಯೂಮ್ ಕ್ಲೀನರ್ ಈ ಕೆಲಸಕ್ಕೆ ನಿಲ್ಲುವುದಿಲ್ಲ, ಸಿಮೆಂಟ್ ಪುಡಿ ಹೊಕ್ಕರೆ ಅದರ ಮೋಟರ್ ಸುಡುತ್ತದೆ ಎಂದು ತಿಳಿಯಿತು. ಕಟ್ಟಡ ಕೆಲಸದ ಮಷಿನ್‌ಗಳಲ್ಲಿ ಎರಡು ಬಗೆ. ಒಂದು, ದೊಡ್ಡ ಡಬ್ಬಿ, ಜೋಡಿ ಮೋಟರ್, ಅಗಲ ಪೈಪು, ಒಳಗೆ ಬಟ್ಟೆಯ ಫಿಲ್ಟರ್. ಹೆಂಟೆ, ಮರಳು, ನೀರು ಏನಾದರೂ ಎಳೆಯುತ್ತದೆ. ಇನ್ನೊಂದು ಗಾತ್ರದಲ್ಲಿ ಚಿಕ್ಕದು. ಇದರ ಫಿಲ್ಟರ್ ಕಲ್ಲಿನ ಸಣ್ಣ ಹಿಟ್ಟನ್ನೂ ತಡೆಯುವ ದರ್ಜೆಯದು, ಒಳಗೆ ಚೀಲ, ಫಿಲ್ಟರ್ ಕಟ್ಟಿಕೊಂಡರೆ ತಾನೇ ಕೊಡವಿಕೊಳ್ಳುವ ವ್ಯವಸ್ಥೆ. ಪೈಪನ್ನು ನೇರ ಕಟರ್ ಮಷಿನ್ನಿನ ಮೂತಿಗೆ ಸಿಕ್ಕಿಸಬಹುದು; ಧೂಳು ಹುಟ್ಟಿದಲ್ಲೇ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣುವ ಧೂಳು ಅಷ್ಟು ಕೆಟ್ಟದ್ದಲ್ಲ, ಕಾಣದ್ದೇ ಎದೆಯೊಳಗೆ ಇಳಿಯುತ್ತದೆ ಎಂದು ಒಂದು ಕಡೆ ಓದಿದೆ. ಗುತ್ತಿಗೆದಾರನಿಗೆ ಹೇಳಿದೆ. "ಅಂಗಡಿಗೆ ಹೋಗಿ ನೋಡಿದ್ರಾತು" ಎಂದ.

ಕಲಬುರಗಿಯ ಅಂಗಡಿಗೆ ಸಾವಕಾರರು, ಗುತ್ತಿಗೆದಾರ, ನಾನು ಹೋದೆವು. ಅಂಗಡಿಯವನು ಎರಡೂ ಬಗೆಯ ಮಷಿನ್ ಹೊರಗಿಟ್ಟು ವಿವರಿಸಲು ಶುರುಮಾಡಿದ. ಸಾವಕಾರರು ಕೈ ಅಡ್ಡ ಹಿಡಿದರು.

"ಮಾತ್ ಸಾಕ್ರಿ. ಇದನ್ನ ಎಳೀಲಿ, ನೋಡಮ್."

ಅಂಗಿ ಕಿಸೆಯಿಂದ ಒಂದು ಮುಷ್ಟಿ ತೊಗರಿ ತೆಗೆದು ನೆಲದ ಮೇಲೆ ಚೆಲ್ಲಿದರು. ಕಾಳಿನ ವ್ಯಾಪಾರಕ್ಕೆ ಅಡತಿಗೆ ಹೋಗುವಾಗ ಮಾದರಿ ಕಾಳು ಕಿಸೆಯಲ್ಲಿಟ್ಟುಕೊಳ್ಳುವುದು ಅವರ ರೂಢಿ. ದಾಲ್‌ಮಿಲ್ಲಿಗೆ ಬ್ಲೋವರ್ ಕೊಳ್ಳುವಾಗ ಹೀಗೇ ನೋಡುತ್ತಾರಂತೆ. ಕಾಳು ಎಷ್ಟು ಬೇಗ ಏಳುತ್ತದೆ, ಹಿಂದಿನಿಂದ ಗಾಳಿ ಎಷ್ಟು ಜೋರಾಗಿ ಹೋಗುತ್ತದೆ. ಮಿಲ್ಲಿನಲ್ಲಿ ಅದು ಸರಿ. ಹೊಟ್ಟು ಹೊರಗೆ ಹೋಗಬೇಕು, ಹೋದಷ್ಟೂ ಒಳ್ಳೆಯದು.

ದೊಡ್ಡ ಡಬ್ಬಿ ಗುಡುಗಿತು. ತೊಗರಿ ಗಲಗಲ ಸದ್ದು ಮಾಡುತ್ತ ಒಂದೇ ಉಸಿರಿಗೆ ಒಳಗೆ ಹೋಯಿತು. ಚಿಕ್ಕದು ಮೆಲ್ಲಗೆ ಎಳೆಯಿತು. ನಡುವೆ ಕಾಳುಗಳು ಸಣ್ಣ ಪೈಪಿನ ಬಾಯಲ್ಲಿ ಗಂಟಾಗಿ ಸಿಕ್ಕಿಕೊಂಡವು. ಸಾವಕಾರರು ಬಗ್ಗಿ ದೊಡ್ಡ ಮಷಿನ್ನಿನ ಹಿಂದೆ ಅಂಗೈ ಹಿಡಿದರು. ಮುಖ ಅರಳಿತು. ಚಿಕ್ಕದರ ಹಿಂದೆ ಹಿಡಿದರು. ಅರಳಲಿಲ್ಲ.

"ಇದರಾಗ ಜೀವಾನ ಇಲ್ಲ. ಅದು ನೋಡ್ರಿ, ಹಿಂದ ಕೈ ಇಟ್ರ ತಳ್ತದ. ಮಷಿನ್ ಅಂದ್ರ ಹಂಗ ಜೀವಂತ ಇರಬೇಕು."

"ಸಾವಕಾರ್ರ, ನಮ್ಮಲ್ಲಿರೋದು ತೊಗರಿ ಅಲ್ರಿ, ಕಲ್ಲಿನ ಹಿಟ್ಟು," ಎಂದೆ. "ಹಿಂದಿಂದ ಏನ್ ಬರ್ತದ ಅನ್ನೋದು ಮುಖ್ಯ ಅದರಿ."

"ತೊಗರೀನ ಎಳಿಯೋದು ಹಿಟ್ಟು ಎಳಿಯಂಗಿಲ್ಲೇನ್ರಿ? ಎತ್ತಿನ ಭಾರ ಎಳದದ್ದು ಕರುವಿನ ಭಾರ ಎಳಿಯಂಗಿಲ್ಲಾ?"

ನಾನು ಅಂಗಡಿಯವನ ಕಡೆ ತಿರುಗಿ, ಈ ಬಟ್ಟೆಯ ಫಿಲ್ಟರ್ ಸಿಮೆಂಟ್ ಧೂಳು ತಡೆಯುತ್ತದೆಯೇ ಎಂದು ನೇರ ಕೇಳಿದೆ. ಅವನು ಸಾವಕಾರರ ಮುಖ ನೋಡಿ ಉತ್ತರ ಕೊಟ್ಟ. "ಎಲ್ಲಾ ಧೂಳು ಹಿಡಿತದ್ರಿ ಸರ." ಗುತ್ತಿಗೆದಾರ ನನ್ನ ತೋಳು ಹಿಡಿದು, "ಕೊಳ್ಳೋರು ಅವರು. ನೀವ್ಯಾಕ ಮೈಮ್ಯಾಲ ಹಾಕ್ಕೋತೀರಿ?" ಎಂದ. ದೊಡ್ಡ ಡಬ್ಬಿ ಗಾಡಿ ಏರಿತು.

ಈ ಕತೆ ಕೇಳಿ ಚಾಚಾ ಕಟರ್ ಕೆಳಗಿಟ್ಟು ನಕ್ಕರು. "ತೊಗರಿ ಹಾಕಿ ನೋಡಿದ್ರಾ? ವಾಹ್! ಹಂಗಾದ್ರ ಎತ್ತು ಕೊಳ್ಳಾಕ ಹೋದಾಗ ಅದರ ಬಾಯಾಗ ಸಿಮೆಂಟ್ ಹಾಕಿ ನೋಡಂತ ಹೇಳ್ರಿ."

ಮಷಿನ್ ನಡೆಸುವ ಕೆಲಸ ಅಕ್ಕನಿಗೆ ಬಂತು. ಆಕೆಗೆ ಸಂತೋಷವೇ ಆಯಿತು. ತಲೆಯ ಮೇಲೆ ಕಲ್ಲುಮಣ್ಣು ಹೊತ್ತು ಮೆಟ್ಟಿಲು ಇಳಿಯುವುದು ತಪ್ಪಿತು. ಆಕೆಯ ಮೊಣಕಾಲು ಸವೆದಿದ್ದವು. ಬಂದ ದಿನ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದಳು.

"ಯಕ್ಕಾ, ಈಗ ನೀ ಡ್ರೈವರ್ ಆದಿ," ಎಂದ ಎಲೆಕ್ಟ್ರಿಷಿಯನ್.

"ಹೌದ್ ಮತ್ತ! ನೀ ಹಾದ್ಯಾಗ ಅಡ್ಡ ನಿಂತ್ರ ನಿನ್ನೂ ಎಳಕೊಂಡು ಡಬ್ಬ್ಯಾಗ ಹಾಕ್ತೇನಿ. ದಾರಿ ಬಿಡ್ಲೇ."

ಕಸಬರಿಗೆ ಹಿಡಿದಾಗ ಆಕೆ ಸೆರಗನ್ನು ನೀರಲ್ಲಿ ಅದ್ದಿ ಮೂಗು ಬಾಯಿಗೆ ಬಿಗಿದು ಕಟ್ಟುತ್ತಿದ್ದಳು. ಮಷಿನ್ ಬಂದ ಮೇಲೆ ಕಟ್ಟುವುದನ್ನು ಬಿಟ್ಟಳು. ಯಾಕೆಂದು ಕೇಳಿದ್ದಕ್ಕೆ, "ಧೂಳು ಎಲ್ಲಾ ಇದು ತಿಂತದಲ್ರಿ ಸರ, ನನಗೆಲ್ಲಿ ಉಳಸ್ತದ?" ಎಂದಳು. ನೆಲ ನೋಡಿದರೆ ಹಾಗೇ ಅನ್ನಿಸುತ್ತಿತ್ತು. ಒರೆಸಿ ಇಟ್ಟಂತೆ ಹೊಳೆಯುತ್ತಿತ್ತು.

ಇನ್ನೊಂದು ಮಾತು. ಆ ಲಾಡ್ಜಿನಲ್ಲಿ ದೀಪ ಹಚ್ಚಿದ ಮೇಲೆ ಕಸಬರಿಗೆ ಮುಟ್ಟುವಂತಿರಲಿಲ್ಲ. ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂಬ ನಂಬಿಕೆ. ಆ ನಂಬಿಕೆಯಿಂದ ಅಕ್ಕನಿಗೆ ಸಂಜೆ ಬಿಡುವು ಸಿಗುತ್ತಿತ್ತು. ಮಷಿನ್ ಕಸಬರಿಗೆ ಅಲ್ಲ, ಅದು ಕಸವನ್ನು ಹೊರಗೆ ತಳ್ಳುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತದೆ, ಆದ್ದರಿಂದ ದೋಷವಿಲ್ಲ ಎಂದು ಸಾವಕಾರರು ತೀರ್ಮಾನಿಸಿದರು. ಅಂದಿನಿಂದ ದೀಪ ಹಚ್ಚಿದ ಮೇಲೂ ಆಕೆ ಮುಚ್ಚಿದ ಕೋಣೆಗಳಲ್ಲಿ ಮಷಿನ್ ನಡೆಸಿದಳು.

ಬೇಗನೆ ಒಂದು ವಿಚಿತ್ರ ಶುರುವಾಯಿತು. ಸಂಜೆ ಹೊಳೆಯುವಂತೆ ಮಾಡಿ ಬಾಗಿಲು ಹಾಕಿದ ಕೋಣೆ ಬೆಳಿಗ್ಗೆ ಬಂದು ನೋಡಿದರೆ ಬೆಳ್ಳಗಿರುತ್ತಿತ್ತು. ಕಿಟಕಿಯ ಕಟ್ಟೆ, ಸ್ವಿಚ್ಚಿನ ಡಬ್ಬಿ, ಕುಡಿಯುವ ನೀರಿನ ಕೊಡದ ಮುಚ್ಚಳ, ಎಲ್ಲದರ ಮೇಲೂ ಪೌಡರ್ ಉದುರಿಸಿದ ಹಾಗೆ ತೆಳ್ಳನೆ ಧೂಳು. "ಯಾರೋ ಇಲ್ಲಿ ಕದ್ದು ಹಿಟ್ಟು ಬೀಸಾಕತ್ತಾರ್ರಿ," ಎಂದರು ಚಾಚಾ. ಧೂಳು ಹೊರಗಿನಿಂದ, ಕಟರ್ ನಡೆಯುವ ಕಡೆಯಿಂದ ಬರುತ್ತಿದೆ ಎಂದು ನಾವೆಲ್ಲ ಅಂದುಕೊಂಡೆವು. ಕಿಟಕಿ ಬಾಗಿಲುಗಳಿಗೆ ಪ್ಲಾಸ್ಟಿಕ್ ಹಾಳೆ ಬಿಗಿದೆವು. ಅದರಿಂದ ಒಳಗಿನ ಗಾಳಿ ಹೊರಹೋಗುವ ದಾರಿಯೂ ಮುಚ್ಚಿತು.

ಮಷಿನ್ ಎಳೆಯುವ ಬಲವೂ ಕುಂದತೊಡಗಿತು. ತೆರೆದು ನೋಡಿದರೆ ಬಟ್ಟೆಯ ಫಿಲ್ಟರಿನ ಮೇಲೆ ಹಿಟ್ಟು ರೊಟ್ಟಿಯಂತೆ ಗಟ್ಟಿಯಾಗಿ ಕೂತಿರುತ್ತಿತ್ತು. ಅಕ್ಕ ಅದನ್ನು ಬಿಚ್ಚಿ, ಹಿತ್ತಲಿನ ಗೋಡೆಗೆ ಬಡಿದು ಜಾಡಿಸುತ್ತಿದ್ದಳು. ಧೂಳಿನ ಮೋಡ ಏಳುತ್ತಿತ್ತು, ಆಕೆ ಅದರೊಳಗಿರುತ್ತಿದ್ದಳು. ಬಡಿದು ಬಡಿದು ಬಟ್ಟೆಯ ನೇಯ್ಗೆ ಸಡಿಲವಾಯಿತು. ಮತ್ತೆ ಮಷಿನ್ ಜೋರಾಗಿ ಎಳೆಯತೊಡಗಿದಾಗ ಸಾವಕಾರರು ಹಿಂದೆ ಅಂಗೈ ಹಿಡಿದು, "ಈಗ ನೋಡ್ರಿ," ಎಂದು ಮೆಚ್ಚಿಕೊಂಡರು.

ಅಕ್ಕನ ಕೆಮ್ಮು ಹೆಚ್ಚಾಯಿತು. ಎಳ್ಳಮಾವಾಸ್ಯೆಗೆ ಊರಿಗೆ ಹೋಗಿ, ಹೊಲದ ಪೂಜೆ ಮುಗಿಸಿ, ಹಬ್ಬದ ಭಜ್ಜಿ ರೊಟ್ಟಿ ಕಟ್ಟಿಕೊಂಡು ಬಂದು ನಮಗೆಲ್ಲ ಹಂಚಿದಳು. ಹಂಚುವಾಗ ಎರಡು ಸಲ ಗೋಡೆ ಹಿಡಿದು ನಿಂತಳು. "ಥಂಡಿ ಹಿಡದದ್ರಿ, ಹೊಲದಾಗ ಗಾಳಿ ಭಾಳ ಇತ್ತು," ಎಂದಳು.

ಅದಾದ ಮೇಲಿನ ಗುರುವಾರವೇ ನಾನು ಹೊಸ್ತಿಲಲ್ಲಿ ನಿಂತದ್ದು.

ನಾನು ಕೂಗಲಿಲ್ಲ. ಪ್ಲಗ್ಗನ್ನೂ ಕೀಳಲಿಲ್ಲ. ಬೇರೆಯವರೂ ನೋಡಲಿ ಎಂದು ಪಡಸಾಲೆಯಲ್ಲಿದ್ದ ಚಾಚಾ ಮತ್ತು ಎಲೆಕ್ಟ್ರಿಷಿಯನ್‌ನನ್ನು ಕೈ ಸನ್ನೆ ಮಾಡಿ ಕರೆದೆ. ಗುರುವಾರವೆಂದು ದರ್ಶನಕ್ಕೆ ಬಂದಿದ್ದ ಸಾವಕಾರರು ಕೆಳಗೆ ಕೌಂಟರಿನಲ್ಲಿದ್ದರು. ಎಲೆಕ್ಟ್ರಿಷಿಯನ್ ಓಡಿ ಹೋಗಿ ಅವರನ್ನೂ ಕರೆತಂದ. ನಾಲ್ವರೂ ಬಾಗಿಲಲ್ಲಿ ನಿಂತು ನೋಡಿದೆವು. ನಮ್ಮನ್ನು ಕಂಡು ಅಕ್ಕ ಮಷಿನ್ ನಿಲ್ಲಿಸಹೋದಳು. ಬೇಡ, ಪಕ್ಕಕ್ಕೆ ಬಂದು ನೀನೂ ನೋಡು ಎಂದೆ. ಬಂದು ನೋಡಿದಳು.

"ಯವ್ವಾ! ಊದಿನಕಡ್ಡಿ ಹೊಗಿ ಇದ್ದಂಗ ಅದಲ್ರಿ!"

"ಊದಿನಕಡ್ಡಿ ಅಲ್ಲವಾ," ಎಂದರು ಚಾಚಾ. ಅವರು ಯಾವತ್ತೂ ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. "ಇದು ನಾ ಕತ್ತರಿಸಿದ ಕಲ್ಲು."

ಎಲೆಕ್ಟ್ರಿಷಿಯನ್ ತನ್ನ ಕರಿ ಕರವಸ್ತ್ರ ನೀರಲ್ಲಿ ಅದ್ದಿ ಹಿಂಡಿ ಜಾಲರಿಗೆ ಹಿಡಿದ. ಸ್ವಲ್ಪ ಹೊತ್ತಿಗೆ ತೆಗೆದು ಬಿಡಿಸಿದ. ನಡುವೆ ಬೂದು ಕೆಸರಿನ ದುಂಡು ಮಚ್ಚೆ. ಬೆರಳಲ್ಲಿ ತಿಕ್ಕಿದರೆ ಒಂದು ಕಣವೂ ಒರಟಾಗಿ ತಾಗಲಿಲ್ಲ, ಬೆಣ್ಣೆಯಂತೆ ನುಣ್ಣಗಿತ್ತು.

ಸಾವಕಾರರು ಬಹಳ ಹೊತ್ತು ನೋಡಿದರು. ಅವರು ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಅವರಿಗೆ ಗಾಳಿಯ ಕೆಲಸ ಗೊತ್ತಿತ್ತು, ಕಂಡದ್ದು ಅರ್ಥವಾಯಿತು.

"ಮಷಿನ್ ತಪ್ಪಲ್ರಿ. ಹೊಟ್ಟು ಊದಾಕತ್ತದ. ಹೊರಗ ಹೋಗಾಕ ದಾರಿ ಕೊಟ್ಟಿಲ್ಲ ನಾವು. ನಮ್ಮ ಮಿಲ್ಲಿನಾಗ ಪೈಪ್ ಹಚ್ಚಿ ಹೊರಗ ಬಿಡ್ತೇವಿ. ಇಲ್ಲೂ ಹಚ್ಚ್ರಿ."

ಅದು ಸರಿಯಾದ ಮಾತಾಗಿತ್ತು. ಸರಿಯಾದ ಮಷಿನ್ ಅಲ್ಲದಿದ್ದರೂ ಸರಿಯಾದ ರಿಪೇರಿ. ಅಂದೇ ಎಲೆಕ್ಟ್ರಿಷಿಯನ್ ಜಾಲರಿಗೆ ತಗಡಿನ ಮುಚ್ಚಳ ಮಾಡಿ, ಸಂದಿಗೆ ರಬ್ಬರ್ ಪಟ್ಟಿ ಸುತ್ತಿ, ಮಡಚುವ ಪೈಪು ಬಿಗಿದ. ಪೈಪಿನ ಇನ್ನೊಂದು ತುದಿ ಆ ದುಂಡು ತೂತಿನಿಂದ ಹೊರಗೆ. ಅಂದು ಸಂಜೆ ಮಷಿನ್ ನಡೆಸಿ ಕೋಣೆ ಮುಚ್ಚಿದೆವು. ಮಾರನೇ ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಬೆರಳು ಎಳೆದೆ. ಗೆರೆ ಬೀಳಲಿಲ್ಲ. ಆ ವಾರ ಅಕ್ಕನ ಧ್ವನಿ ತಿಳಿಯಾದಂತೆ ನನಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೆ, ಅಳೆದು ನೋಡಿದ್ದಲ್ಲ.

ಆ ತೂತು ತೆರೆದುಕೊಂಡದ್ದು ಮಡಿಬಟ್ಟೆ ಒಣಗುವ ಮಾಳಿಗೆಯ ಮೇಲೆ. ಗುರುವಾರ ದಾಟಿದ ಮೇಲೆ ಯಾತ್ರಿಕರು ಕಡಿಮೆ ಇದ್ದರು, ತಂತಿಗಳು ಖಾಲಿ ಇದ್ದವು, ಯಾರ ಗಮನಕ್ಕೂ ಬರಲಿಲ್ಲ. ಬನದ ಹುಣ್ಣಿಮೆಗೆ ಜನ ತುಂಬಿದರು. ಬೆಳಿಗ್ಗೆಯೇ ಮಾಳಿಗೆಯಿಂದ ಗದ್ದಲ ಕೇಳಿತು. ನಾನು ಹೋಗುವುದರೊಳಗೆ ಸಾವಕಾರರು ಬಂದಾಗಿತ್ತು. ಅವರ ಕೈಯಲ್ಲಿ ಯಾರದೋ ಧೂಳು ಕೂತ ಪಂಚೆ. ನೇರ ಮೂಲೆ ಕೋಣೆಗೆ ಬಂದು, ತೂತಿನಿಂದ ಪೈಪು ಒಳಗೆ ಎಳೆದು ನೆಲಕ್ಕೆ ಒಗೆದರು.

"ಸಾವಕಾರ್ರ, ಪೈಪ್ ಒಳಗ ಬಂದ್ರ ಧೂಳೂ ಒಳಗ ಬರ್ತದ್ರಿ," ಎಂದೆ.

"ಬರ್ಲಿ."

"ಒಳಗ ಹೆಣ್ಣುಮಗಳು ಅದಾಳ್ರಿ."

"ಗೊತ್ತದರಿ ನನಗ. ಕಣ್ಣಿಲ್ಲೇನು?" ಪಂಚೆಯನ್ನು ನನ್ನ ಮುಂದೆ ಚಾಚಿದರು. ಸಿಟ್ಟಿಗೋ, ನಾಚಿಕೆಗೋ ಹೇಳಲಾರೆ. "ಸಂಗಮದಾಗ ಮುಳಗಿ ಬಂದವರ ಮಡಿ ಐತ್ರಿ ಇದು. ಈ ಮಡಿ ಉಟ್ಟು ಅವರು ದೇವರ ಮುಂದ ನಿಂದರಬೇಕು. ಆಕಿಗೆ ಮುಖಕ್ಕ ಅರಿವಿ ಕಟ್ಕೋ ಅಂತ ಹೇಳ್ರಿ. ಹುಣ್ಣಿಮಿ ಒಂದು ಮುಗೀಲಿ."

ನಾನು ಪ್ಲಗ್ಗು ಕಿತ್ತು ವೈರು ಕೈಗೆ ಸುತ್ತಿಕೊಂಡೆ. ಈ ಮಷಿನ್ ನಡೆಯುವುದಿಲ್ಲ ಎಂದೆ. ಸಾವಕಾರರು ಗುತ್ತಿಗೆದಾರನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಗುತ್ತಿಗೆದಾರ ಹೆಚ್ಚೇನೂ ಹೇಳಲಿಲ್ಲ. "ಮಷಿನ್ ಬಂದ್ ಆದ್ರ ಆ ಹೆಣ್ಣುಮಗಳಿಗೆ ಅಲ್ಲಿ ಏನ್ ಕೆಲಸ? ಹೊರಾಕ ಆಕಿ ಕಾಲು ಇಲ್ಲ. ಮನಿಗೆ ಕಳಸ್ರಿ," ಎಂದ.

ಅಕ್ಕ ಅಲ್ಲೇ ನಿಂತಿದ್ದಳು. ಫೋನಿನ ಮಾತು ಆಕೆಗೆ ಕೇಳಿತ್ತು. ನನ್ನ ಕೈಯಿಂದ ವೈರನ್ನು ಸುತ್ತು ಸುತ್ತಾಗಿ ಬಿಡಿಸಿಕೊಂಡಳು.

"ಬಿಡ್ರಿ ಸರ. ಕ್ರಷರಿನಾಗ ಇದಕ್ಕಿಂತ ದಪ್ಪ ಧೂಳು ಕುಡದೇನಿ. ನೀವು ನನ್ನ ಸಲುವಾಗಿ ಜಗಳಾಡ್ತೀರಿ, ಕೂಲಿ ಹೋಗೋದು ನಂದು."

ಸೆರಗು ಬಿಗಿದುಕೊಂಡು ಪ್ಲಗ್ಗು ತಾನೇ ಹಾಕಿದಳು. ಇದನ್ನೂ ಕೆಲವರು ಆಮೇಲೆ ಹೇಳಿದರು: ತಾನೇ ಹಾಕಿಕೊಂಡಳಲ್ಲ ಎಂದು.

ಅಂದು ಮಧ್ಯಾಹ್ನ ಮಧುಕರಿ ಭಿಕ್ಷೆಗೆ ಹೊರಟ ಯಾತ್ರಿಕರು ಜೋಳಿಗೆ ಹಿಡಿದು ಓಣಿಯಲ್ಲಿ ಸಾಲಾಗಿ ಹೋಗುವುದನ್ನು ನೋಡುತ್ತ ನಾನು ಮೆಟ್ಟಿಲಲ್ಲಿ ಕೂತು ಯೋಚಿಸಿದೆ. ಆಕೆಯ ಹೆಸರು ಹೇಳಿ ಕೇಳಿದರೆ ಬೇರೆ ಮಷಿನ್ ಬರುವುದಿಲ್ಲ. ಮಡಿಯ ಹೆಸರು ಹೇಳಿ ಕೇಳಬೇಕು. ಹಾಗೆ ಕೇಳುವುದು ನನಗೆ ಕಹಿಯಾಗಿತ್ತು, ಈಗಲೂ ಕಹಿಯೇ. ಸಂಜೆ ಸಾವಕಾರರ ಬಳಿ ಹೋಗಿ, ಪೈಪು ಒಳಗೆ ಬಂದರೂ ಧೂಳು ಬಾಗಿಲ ಸಂದಿಯಿಂದ ಯಾತ್ರಿಕರ ಕೋಣೆಗೆ ಹೋಗುತ್ತಿದೆ, ಮಡಿ ಒಳಗಿಟ್ಟರೂ ಕೆಡುತ್ತದೆ ಎಂದೆ. ಅದು ಸುಳ್ಳಲ್ಲ. ಅವರು ಎದ್ದು ಬಂದು ಬಾಗಿಲ ಕೆಳಗೆ ಬೆರಳಾಡಿಸಿ ನೋಡಿದರು. "ಹಂಗಾದ್ರ ಬ್ಯಾರೆ ಮಷಿನ್ ನೋಡಮ್," ಎಂದರು. ಅಷ್ಟು ಸುಲಭವಾಗಿ.

ಈ ಸಲ ಅಂಗಡಿಗೆ ತೊಗರಿ ಹೋಗಲಿಲ್ಲ. ಚಾಚಾ ಗ್ರಾನೈಟ್ ಕತ್ತರಿಸಿದ ಹಿಟ್ಟನ್ನು ಒಂದು ಡಬ್ಬಿಯಲ್ಲಿ ತುಂಬಿ ಮುಚ್ಚಿ ಕೊಟ್ಟರು. "ನಮ್ಮ ಬೆಳಿ ಇದು. ಇದನ್ನ ಹಾಕಿ ನೋಡ್ರಿ," ಎಂದರು. ಅಂಗಡಿಯವನು ಹಿಟ್ಟು ಕಂಡು, "ಹೊಸ ಮಷಿನ್ನಿಗೆ ಇದನ್ನ ಹಾಕಬ್ಯಾಡ್ರಿ," ಎಂದು ಅಡ್ಡ ಬಂದ. ಯಾವುದನ್ನು ಎಳೆಯಲು ಮಾರುತ್ತಿದ್ದೀರೋ ಅದನ್ನೇ ಎಳೆಸುತ್ತಿದ್ದೇನೆ ಎಂದೆ. ಜಾಲರಿಗೆ ಒದ್ದೆ ಕರಿಬಟ್ಟೆ ಕಟ್ಟಿ, ಹಿಟ್ಟು ಸುರಿದು, ಎಳೆಸಿದೆ. ಬಟ್ಟೆ ಕರಿಯಾಗಿಯೇ ಉಳಿಯಿತು. ಮತ್ತೆ ಸುರಿದು ಎಳೆಸಿದೆ, ಬಲ ಕುಂದುತ್ತದೆಯೇ ಎಂದು. ಫಿಲ್ಟರ್ ತಾನೇ ಟಕ್ ಎಂದು ಕೊಡವಿಕೊಂಡು ಮತ್ತೆ ಎಳೆಯಿತು. ಫಿಲ್ಟರ್ ಕೂರುವಲ್ಲಿ ರಬ್ಬರ್ ಬಿಗಿಯಾಗಿದೆಯೇ, ಒಳಗಿನ ಚೀಲವನ್ನು ಬಾಯಿ ಮುಚ್ಚಿ ಹೊರತೆಗೆಯಬಹುದೇ, ಚಾಚಾರ ಕಟರಿನ ಮೂತಿಗೆ ಪೈಪು ಕೂರುತ್ತದೆಯೇ, ಬದಲಿ ಫಿಲ್ಟರ್ ಕಲಬುರಗಿಯಲ್ಲೇ ಸಿಗುತ್ತದೆಯೇ, ಒಬ್ಬ ಹೆಂಗಸು ಇದನ್ನು ಎತ್ತಿ ಮೆಟ್ಟಿಲು ಹತ್ತಬಹುದೇ ಎಂದು ಒಂದೊಂದಾಗಿ ನೋಡಿದೆ. ಮೊದಲ ಸಲ ಬೇಡವೆಂದು ಬಿಟ್ಟ ಅದೇ ಚಿಕ್ಕ ಮಷಿನ್. ಅಂಗಡಿಯಲ್ಲಿ ಅದೇ ಮೂಲೆಯಲ್ಲಿತ್ತು.

ಅದು ಬಂದ ದಿನ ಅಕ್ಕ ಮೆಟ್ಟಿಲಿನ ತಿರುವಿನಲ್ಲಿ ಕೂತಿದ್ದಳು. ಮೇಲೆ ಹತ್ತಲು ಉಸಿರು ಸಾಲುತ್ತಿರಲಿಲ್ಲ. ಮಷಿನ್ ಆಕೆಯ ಹತ್ತಿರ ಇಟ್ಟು ಚಾಲೂ ಮಾಡಿದೆವು. ಸಾವಕಾರರು ಮಾಡುವುದನ್ನು ನೋಡಿದ್ದಳಲ್ಲ, ಹಿಂದೆ ಅಂಗೈ ಹಿಡಿದಳು.

"ಇದಕ್ಕ ಜೋರ ಇಲ್ಲಲ್ರಿ ಸರ. ನನ್ನಂಗ ಅದ," ಎಂದು ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲಿಲ್ಲ.

ಎಲೆಕ್ಟ್ರಿಷಿಯನ್ ಮತ್ತು ನಾನು ಆಕೆಯನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ಮೊದಲು ಕೇಳಿದ್ದು ಹಿಂದೆ ಏನು ಕೆಲಸ ಮಾಡುತ್ತಿದ್ದಳು ಎಂದು. ಕ್ರಷರ್ ಎಂದೆವು. ತಲೆ ಆಡಿಸಿದರು. ಮಷಿನ್ನಿನ ವಿಷಯ ಹೇಳಿದೆ. ಕೇಳಿಸಿಕೊಂಡರು. ಇದು ಬಹಳ ಹಳೆಯದು, ಯಾವ ಧೂಳು ಎಷ್ಟು ಮಾಡಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ, ಇರುವ ಉಸಿರನ್ನು ಉಳಿಸಿಕೊಳ್ಳಬೇಕಿತ್ತು ಎಂದರು. ಆಕೆ ನಿಂಬರ್ಗಾಕ್ಕೆ ಮರಳಿದಳು. ಯುಗಾದಿ ಆದ ಮೇಲೆ ತೀರಿಕೊಂಡಳು. ಅದನ್ನು ನಾನು ಕಂಡಿಲ್ಲ, ಫೋನಿನಲ್ಲಿ ಕೇಳಿದ್ದು.

ಮಷಿನ್ ಕೊಂದಿತು ಎಂದು ನಾನು ಬರೆಯಲಾರೆ. ಡಾಕ್ಟರಿಗೇ ಬಿಡಿಸಲು ಬಾರದ್ದನ್ನು ನಾನು ಹೇಗೆ ಬಿಡಿಸಲಿ? ನನಗೆ ಗೊತ್ತಿರುವುದು ಇಷ್ಟೇ: ಆ ಧೂಳಿಗೆ ಹೊರಗೆ ಹೋಗಲು ಒಂದು ದಾರಿ ಇತ್ತು, ಅದು ತೆರೆದಿತ್ತು, ಅದನ್ನು ಮುಚ್ಚುವಾಗ ಆಕೆ ಒಳಗಿದ್ದಳು.

ಚಿಕ್ಕ ಮಷಿನ್ ಲಾಡ್ಜಿನಲ್ಲೇ ಉಳಿಯಿತು. ಹುಣ್ಣಿಮೆಗೆ ಮುಂಚೆ ಅದರಿಂದ ಪಡಸಾಲೆಯ ಜಮಖಾನೆಗಳನ್ನು ಸ್ವಚ್ಛ ಮಾಡುತ್ತಾರೆ. ದೊಡ್ಡದನ್ನು ಗುತ್ತಿಗೆದಾರ ಕೊಂಡುಕೊಂಡ. ಈಗ ನಮ್ಮ ಕೆಲಸ ಜೇವರ್ಗಿಯಲ್ಲಿ, ಒಂದು ಮದುವೆ ಹಾಲ್ ರಿಪೇರಿ. ಮೊನ್ನೆ ಗಾಡಿಯಿಂದ ಅದನ್ನು ಇಳಿಸಿದರು. ಡಬ್ಬಿಯ ಮೇಲೆ ಕುಂಕುಮದ ಬೊಟ್ಟು ಇನ್ನೂ ಇದೆ, ಕಪ್ಪಾಗಿದೆ. ಪಕ್ಕದ ಹಳ್ಳಿಯ ಒಬ್ಬ ಹೆಣ್ಣುಮಗಳಿಗೆ ಅದನ್ನು ನಡೆಸುವುದು ಕಲಿಸಬೇಕೆಂದು ನನಗೆ ಹೇಳಿದ್ದಾರೆ. ನಾನು ಇನ್ನೂ ಕಲಿಸಿಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿ ಅದೇ ತಗಡಿನ ಮುಚ್ಚಳ, ಅದೇ ಪೈಪು ಹುಡುಕಿಸುತ್ತಿದ್ದೇನೆ. ಈ ಮದುವೆ ಹಾಲ್ ಸುತ್ತ ಯಾರೂ ಬಟ್ಟೆ ಒಣಹಾಕುವುದಿಲ್ಲ.

ಆ ಗುರುವಾರ ಬೆಳಿಗ್ಗೆ ಆ ಬಾಗಿಲಲ್ಲಿ ನಿಂತು ನೋಡಿದವರಲ್ಲಿ ಈಗ ಇರುವವರು: ಜೇವರ್ಗಿಯ ಚಾಚಾ, ಕಟರ್ ಬಿಟ್ಟು ಮನೆಯಲ್ಲಿದ್ದಾರೆ, ಕೇಳಿದರೆ ಕಂಡದ್ದನ್ನು ಹೇಳುತ್ತಾರೆ. ಮಾದನಹಿಪ್ಪರಗಾದ ಎಲೆಕ್ಟ್ರಿಷಿಯನ್, ನನ್ನ ಜೊತೆಯಲ್ಲೇ ಇದ್ದಾನೆ. ಆ ಕರಿ ಕರವಸ್ತ್ರ ಒಗೆದರೂ ಮಚ್ಚೆ ಹೋಗಲಿಲ್ಲ ಎನ್ನುತ್ತಾನೆ. ಆಳಂದದ ಸಾವಕಾರರು, ಪ್ರತಿ ಗುರುವಾರ ದರ್ಶನಕ್ಕೆ ಬರುತ್ತಾರೆ. ನಾನು. ಮಷಿನ್ ಕೂಡ ಇದೆ. ಹಿಂದೆ ಅಂಗೈ ಹಿಡಿದರೆ ಈಗಲೂ ತಳ್ಳುತ್ತದೆ.